ಅಪ್ಪ ಇಟ್ಟ ಹೆಸರಿನ ಪದವಿ

ನನ್ನ ಪದವಿ ಪತ್ರ ತರಲು ಮೊದಲು ವಿಶ್ವವಿದ್ಯಾಲಯಕ್ಕೆ ಹೋದವರು ನನ್ನ ಗಂಡ. ನಮ್ಮ ಮನೆಯಲ್ಲಿ ಆಫೀಸಿನ ಕೆಲಸವೆಂದರೆ ಗಂಡಸರದ್ದು. ನನ್ನ ಆಧಾರ್ ಕಾರ್ಡನ್ನು ಮಾಡಿಸಿದವರೂ ಅವರೇ. ಆದ್ದರಿಂದ ಅದು ಯಾರಿಗೂ ವಿಚಿತ್ರವೆನಿಸಲಿಲ್ಲ, ನನಗೂ ಕೂಡ. ಮಧ್ಯಾಹ್ನ ಬೆವರು ಒರೆಸಿಕೊಳ್ಳುತ್ತಾ ಶ್ರೀನಗರ ಬಡಾವಣೆಯ ಮನೆಗೆ ವಾಪಸ್ ಬಂದರು.

"ಗೇಟಲ್ಲೇ ನಿಲ್ಸಿಬಿಟ್ರು ಕಣೆ. ದಾಖಲೆ ಯಾರದ್ದೋ ಅವ್ರೇ ಬರ್ಬೇಕಂತೆ. ಗಂಡ ಅಂದ್ರೂ ಬಿಡಲ್ವಂತೆ."

ನನಗೆ ಮೈಯೆಲ್ಲ ಉರಿದುಹೋಯಿತು. "ಅಯ್ಯೋ, ನೀವೇನು ನನ್ನ ಪದವಿ ಕದ್ದು ಮಾರ್ಕೊಳ್ತೀರಾ?" ಎಂದು ಕೂಗಾಡಿದೆ. ಕೂಗಾಡಲು ಕಾರಣವಿತ್ತು. ನಮ್ಮ ಬೀದಿಯ ಮಕ್ಕಳಿಗೆಲ್ಲ ಟ್ಯೂಷನ್ ಹೇಳಿಕೊಂಡೇ ನಲವತ್ತು ದಾಟಿದ್ದ ನನಗೆ, ಮಗಳ ಕಾಟ ತಡೆಯಲಾರದೆ ಅರ್ಜಿ ಹಾಕಿದ್ದಕ್ಕೆ, ಬಿ.ಎಡ್. ಸೀಟು ಸಿಕ್ಕಿತ್ತು. ಶುಕ್ರವಾರದೊಳಗೆ ಮೂಲ ಪದವಿ ಪತ್ರ ತೋರಿಸದಿದ್ದರೆ ಸೀಟು ಇನ್ನೊಬ್ಬರ ಪಾಲು. ಬಿ.ಎ. ಮುಗಿದ ಬೇಸಿಗೆಯಲ್ಲೇ ಮದುವೆಯಾಗಿತ್ತು. ಪತ್ರ ತರಲು ಹೋಗಲೇ ಇಲ್ಲ. ಅಂಕಪಟ್ಟಿ ಇದೆಯಲ್ಲ, ಸಾಕು ಅಂದುಕೊಂಡಿದ್ದೆ.

ಮರುದಿನ ನಾನೇ ಹೋದೆ. ಗಂಡ ಸ್ಕೂಟರಿನಲ್ಲಿ ಬಿಟ್ಟರು. ಕಾವಲಿನವನು ನನಗೊಂದು ಚೀಟಿ ಬರೆದುಕೊಟ್ಟು, ಅವರಿಗೆ ಎಳನೀರಿನ ಗಾಡಿಯ ಪಕ್ಕದ ನೆರಳು ತೋರಿಸಿದ. "ಸಾರ್, ನೀವು ಅಲ್ಲಿ ಕೂತಿರಿ." ಅವರ ಮುಖ ನೋಡಿ ನಗು ಬಂತು. ಆದರೆ ಒಳಗೆ ಒಬ್ಬಳೇ ನಡೆಯುವಾಗ ಚೀಟಿಯಲ್ಲಿದ್ದ ಕೌಂಟರ್ ನಂಬರನ್ನು ಮತ್ತೆ ಮತ್ತೆ ಓದಿಕೊಂಡೆ. ಇಂಥ ಕಡೆ ಒಬ್ಬಳೇ ಹೋಗಿ ಅಭ್ಯಾಸವಿರಲಿಲ್ಲ.

ಕೌಂಟರಿನ ಹುಡುಗ ಆಧಾರ್ ಕಾರ್ಡನ್ನೂ ಅಂಕಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದ. "ಆಂಟಿ, ಇದು ಬೇರೆ ಹೆಸರು, ಇದು ಬೇರೆ ಹೆಸರು. ಇವ್ರು ಯಾರು?"

"ಎರಡೂ ನಾನೇ ಕಣಪ್ಪ!"

ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಗಂಡನ ಕೈಯಲ್ಲಿ ಉಂಗುರ ಕೊಟ್ಟು ಸೊಸೆಯ ಹೊಸ ಹೆಸರು ಬರೆಸುವುದು ನಮ್ಮ ಅತ್ತೆ ಮನೆಯ ಪದ್ಧತಿ. ಹೆಸರು ಆರಿಸಿದ್ದು ಅತ್ತೆ. ಅಂದಿನಿಂದ ಅದೇ ಹೆಸರು ರೇಷನ್ ಕಾರ್ಡಿಗೂ ಬಂತು, ಆಧಾರಿಗೂ ಬಂತು. ಅಪ್ಪ ಇಟ್ಟ ಹೆಸರು ತವರಿನಲ್ಲಿ ಉಳಿಯಿತು. ಅಪ್ಪ ಅಮ್ಮ ಹೋದ ಮೇಲೆ ಅಲ್ಲಿಯೂ ಕರೆಯುವವರಿಲ್ಲ. ಇದನ್ನೆಲ್ಲ ಆ ಹುಡುಗನಿಗೆ ಹೇಳುತ್ತಾ ಹೇಳುತ್ತಾ ನನ್ನ ದನಿ ಏರಿತು, ಕಣ್ಣಲ್ಲಿ ನೀರೂ ಬಂತು. ಅವನು ಪಾಪ, ಗಾಬರಿಯಾಗಿ ಒಳಗಿನಿಂದ ಸೂಪರಿಂಟೆಂಡೆಂಟ್ ಮೇಡಂ ಅವರನ್ನು ಕರೆತಂದ.

"ಅಳ್ಬೇಡಿ ಮೇಡಂ," ಎಂದರು ಆಕೆ. "ಇಲ್ಲಿಗೆ ಬರೋ ಹೆಂಗಸ್ರಲ್ಲಿ ಎಷ್ಟೋ ಜನರದ್ದು ಇದೇ ಕಥೆ. ನಿಯಮದಲ್ಲೇ ದಾರಿ ಇದೆ. ಎದುರು ರಸ್ತೇಲಿ ನೋಟರಿ ಇದಾರೆ, ಎರಡು ಹೆಸರೂ ನನ್ನದೇ ಅಂತ ಅಫಿಡವಿಟ್ ಮಾಡಿಸ್ಕೊಂಡು ಬನ್ನಿ. ಆಮೇಲೆ ನನ್ನೆದುರು ಹಳೇ ಸಹಿ ಹಾಕಿ, ಫೈಲಲ್ಲಿರೋದ್ರ ಜೊತೆ ತಾಳೆ ನೋಡ್ತೀನಿ."

"ನಿನ್ನೆ ನಮ್ಮ ಯಜಮಾನ್ರಿಗೇ ಇದನ್ನ ಹೇಳಿ ಕಳ್ಸಿದ್ರೆ ಆಗ್ತಿರ್ಲಿಲ್ವಾ?" ಕೋಪ ಇನ್ನೂ ಇಳಿದಿರಲಿಲ್ಲ.

"ನಿಮ್ಮ ವಿಷ್ಯ ನಿಮ್ಮನ್ನ ಕೇಳ್ದೆ ಅವ್ರಿಗೆ ಯಾಕೆ ಹೇಳ್ಬೇಕು?" ಆಕೆ ನಗಲಿಲ್ಲ, ಗದರಲೂ ಇಲ್ಲ. ಹಾಗೆ ನನ್ನನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಕಾಗದಗಳನ್ನು ಎತ್ತಿಕೊಂಡು ನೋಟರಿ ಹತ್ತಿರ ಹೋದೆ.

ವಾಪಸ್ ಬಂದು ಆಕೆಯ ಮೇಜಿನ ಮೇಲೆ ಬಗ್ಗಿ ಸಹಿ ಹಾಕಿದೆ. ಕೈ ಮರೆತಿರಲಿಲ್ಲ, ಕೊನೆಯಲ್ಲಿ ಬಾಲ ಎಳೆಯುವುದೂ ಸೇರಿ ಎಲ್ಲ ಸರಾಗವಾಗಿ ಬಂತು. ಫೈಲಿನ ಫೋಟೋದಲ್ಲಿ ಎರಡು ಜಡೆಯ ಹುಡುಗಿ ದುರುಗುಟ್ಟಿಕೊಂಡು ನೋಡುತ್ತಿದ್ದಳು. "ಸಿಟ್ಟು ಆಗ್ಲೂ ಇತ್ತು ಅನ್ಸುತ್ತೆ," ಎಂದು ಮೇಡಂ ಈಗ ನಕ್ಕರು. ನನಗೂ ನಗು ತಡೆಯಲಾಗಲಿಲ್ಲ.

ಹೊರಗಿನ ಬೆಂಚಿನಲ್ಲಿ ಕಾಯಲು ಹೇಳಿದರು. ಸ್ವಲ್ಪ ಹೊತ್ತಿಗೆ ಕೌಂಟರಿನ ಹುಡುಗ ಒಂದು ಹೆಸರು ಕೂಗಿದ. ಯಾರೂ ಏಳಲಿಲ್ಲ. ಮತ್ತೆ ಕೂಗಿದ. ಯಾರಪ್ಪ ಇವಳು, ಕಿವಿ ಕೇಳಿಸುವುದಿಲ್ಲವೇ ಎಂದು ನಾನೂ ಅತ್ತಿತ್ತ ನೋಡಿದೆ. ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಆಂಟಿ, ನಿಮ್ಮನ್ನೇ!" ಎಂದ. ಓಡಿಹೋಗಿ ಪತ್ರ ತೆಗೆದುಕೊಂಡೆ. ಅಪ್ಪನ ಬಾಯಲ್ಲಿ ಕೇಳಿದ್ದ ಹೆಸರು ದೊಡ್ಡ ಅಕ್ಷರಗಳಲ್ಲಿತ್ತು.

ಎಳನೀರಿನ ಗಾಡಿಯ ಹತ್ತಿರ ಗಂಡ ಅದನ್ನು ಜೋರಾಗಿ ಓದಿದರು. "ಚೆನ್ನಾಗಿದೆ ಕಣೆ ಹೆಸ್ರು."

"ಇಷ್ಟು ವರ್ಷ ಬೇಕಾಯ್ತೇನ್ರೀ ಗೊತ್ತಾಗೋಕೆ?" ಎಂದೆ. ಅವರು ನನಗೂ ಒಂದು ಎಳನೀರು ಕೊಚ್ಚಿಸಿದರು.

ಗುರುವಾರವೇ, ಪದವಿ ಪತ್ರದಲ್ಲಿದ್ದ ಹೆಸರಿನಲ್ಲೇ, ಸೀಟು ಖಾಯಂ ಆಯಿತು. ಬಿ.ಎಡ್. ತರಗತಿಯ ಮೊದಲ ದಿನ, ಮಗಳ ವಯಸ್ಸಿನ ಹುಡುಗಿಯರ ನಡುವೆ ಕೂತಿದ್ದೆ. ಮೇಷ್ಟ್ರು ಹಾಜರಿ ಕೂಗತೊಡಗಿದರು. ನನ್ನ ಹೆಸರನ್ನು ಅವರು ಅರ್ಧ ಹೇಳುವಷ್ಟರಲ್ಲೇ ನಾನು ಎದ್ದು ನಿಂತಿದ್ದೆ.