ಅತ್ತೆ ಸೀಟು ಕೇಳಿದ ರೀತಿ

ರಾಜಾನುಕುಂಟೆಯ ಸುತ್ತಮುತ್ತ ಯಾರ ಮನೆಯ ಮದುವೆಯಾದರೂ ಊಟದ ಸಾಲಿನಲ್ಲಿ ಜನರನ್ನು ಕೂರಿಸುವ ಉಸ್ತುವಾರಿ ನಮ್ಮತ್ತೆ ನಾರಾಯಣಮ್ಮನವರದು. ಮುನಿಸಿಕೊಂಡ ಬೀಗರನ್ನು ದೂರದೂರ, ಹಲ್ಲಿಲ್ಲದ ಅಜ್ಜಿಯರನ್ನು ಒಟ್ಟಿಗೆ. ಅವರು "ಒಸಿ ಅತ್ಲಾಗ್ ಬತ್ತೀರಾ?" ಎಂದರೆ ಎದ್ದು ಹೋಗದವರನ್ನು ನಾನು ಕಂಡಿಲ್ಲ. ಇಂಥವರ ಸೊಸೆಯಾದ ನನಗೆ ಮಾತ್ರ ಆ ವಿದ್ಯೆ ಹತ್ತಲಿಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ.

ಮೊನ್ನೆ ಅತ್ತೆ, ಮಾವ, ನಾನು ಕಾಶಿಗೆ ಹೊರಟೆವು. ಮಾವ ಮುನಿವೆಂಕಟಯ್ಯನವರಿಗೆ ವಿಮಾನವೆಂದರೆ ಜೀವ ಬಾಯಿಗೆ ಬರುತ್ತದೆ, ಆದರೆ ಒಪ್ಪಿಕೊಳ್ಳುವ ಪೈಕಿಯಲ್ಲ. ಸೈಟಿನ ಕಾಂಪೌಂಡ್ ಕೆಲಸವಿದೆ ಎಂದು ಕೊನೆಯ ವಾರದವರೆಗೆ ತಪ್ಪಿಸಿಕೊಂಡು ನೋಡಿದರು. ಹಾಗಾಗಿ ಅವರ ಟಿಕೆಟ್ ತಡವಾಗಿ, ಸೀಟು ಇಪ್ಪತ್ತೊಂದನೇ ಸಾಲಿಗೆ ಬಿತ್ತು, ಅದೂ ನಡುವಿನದು. ನಾವಿಬ್ಬರೂ ಏಳನೇ ಸಾಲಿನಲ್ಲಿ. ಎದ್ದು ನಿಂತು ನೋಡಿದರೆ, ಅವರು ಇಬ್ಬರು ಅಪರಿಚಿತರ ಮಧ್ಯೆ ಕಣ್ಣುಮುಚ್ಚಿ, ಮುಂದಿನ ಸೀಟನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ವಿಮಾನ ಏರುವಾಗ ಅವರ ಪಕ್ಕ ಅತ್ತೆ ಇರಲೇಬೇಕಿತ್ತು.

ನನ್ನ ಪಕ್ಕ, ಓಡಾಡುವ ದಾರಿಯ ಬದಿಗೆ, ಸಹಕಾರನಗರದ ವಿರೂಪಾಕ್ಷ ಎಂಬವರು ಕೂತಿದ್ದರು.

"ಸಾರ್, ನೀವು ಇಪ್ಪತ್ತೊಂದನೇ ಸಾಲಿನ ನಡುವಿನ ಸೀಟಿಗೆ ಹೋಗಿ. ನಮ್ಮ ಮಾವ ಇಲ್ಲಿಗೆ ಬರ್ಬೇಕು," ಎಂದೆ.

"ನಡುವಿನ ಸೀಟಾ? ಮಂಡಿ ಆಪರೇಷನ್ ಆಗಿದೆ ಕಣಮ್ಮ. ಕಾಲು ಚಾಚ್ಬೇಕು ಅಂತಾನೇ ಇದನ್ನ ತಗೊಂಡಿದ್ದು."

"ವಯಸ್ಸಾದವ್ರು ಅಂತ ಒಂಚೂರಾದ್ರೂ ಕನಿಕರ ಬೇಡ್ವಾ?" ಎಂದು ಹಿಂದುಮುಂದಿನ ಸಾಲಿಗೆಲ್ಲ ಕೇಳುವಂತೆ ಗೊಣಗಿದೆ. ಅವರಿಗೂ ಎಪ್ಪತ್ತು ದಾಟಿತ್ತು. ನನ್ನ ಕೋಪ ಅದನ್ನೆಲ್ಲ ಎಲ್ಲಿ ನೋಡುತ್ತದೆ?

ಅತ್ತೆ ಡಬ್ಬಿ ತೆಗೆದು ನನ್ನ ಕೈಗೆ ನಾಲ್ಕು ಕೋಡುಬಳೆ ಹಾಕಿದರು. ವಿರೂಪಾಕ್ಷರಿಗೂ ಎರಡು ಕೊಟ್ಟರು. ಸಿಟ್ಟನ್ನೆಲ್ಲ ಕೋಡುಬಳೆಯ ಮೇಲೆ ತೀರಿಸಿಕೊಳ್ಳುತ್ತ ಕಟಕಟ ಕಡಿದೆ. ಅತ್ತೆ ಒಮ್ಮೆ ಹಿಂದಕ್ಕೆ ನೋಡುವುದು, ಒಮ್ಮೆ ನನ್ನ ಕೈ ನೋಡುವುದು. ಬಾಗಿಲು ಹಾಕುವ ಹೊತ್ತಾಯಿತು.

"ಏನತ್ತೆ?"

"ಏನಿಲ್ಲ, ತಿನ್ನು."

ಕೊನೆಯ ಚೂರು ನುಂಗಿ ಕೈ ಒರೆಸಿಕೊಂಡೆ.

"ಆಯ್ತಾ? ಅಂಗಾದ್ರೆ ನೀನೇ ಅಲ್ಲಿಗ್ ಓಗ್ತೀಯೇನವ್ವ ಯಶೋಧಾ?" ಎಂದರು ಅತ್ತೆ ಮೆಲ್ಲಗೆ. "ಉಣ್ತಾ ಇರೋರ್ನ ಎಬ್ಬಿಸ್ಬಾರ್ದು ಅಂತ ಕಾಯ್ತಿದ್ದೆ."

ಮುಖ ಎಲ್ಲಿಟ್ಟುಕೊಳ್ಳಲಿ? ಇಡೀ ವಿಮಾನದಲ್ಲಿ ಕನಿಕರ ಇರುವವರನ್ನು ಹುಡುಕಿದವಳಿಗೆ, ಎದ್ದು ಹೋಗಬಹುದಾದವಳು ನಾನೇ ಎಂದು ಹೊಳೆದಿರಲಿಲ್ಲ. ನಿಜವಾಗಿ ನಾಚಿಕೆಯಾಯಿತು. ವಿರೂಪಾಕ್ಷರು ಮಂಡಿ ಹಿಡಿದುಕೊಂಡು ಎದ್ದು ದಾರಿ ಬಿಟ್ಟಾಗ ತಪ್ಪಾಯಿತು ಎಂದೆ.

ಅತ್ತೆ ನನ್ನ ಸೆರಗು ಜಗ್ಗಿ ನಿಲ್ಲಿಸಿದರು. "ಅವ್ರಿಗ್ ಎದ್ರಿಕೆ ಅಂತ ಅನ್ಬೇಡ. ನಂಗ್ ಎದ್ರಿಕೆ, ಕರೀತಾವ್ಳೆ ಅಂತೇಳು."

ಇಪ್ಪತ್ತೊಂದನೇ ಸಾಲಿಗೆ ಹೋಗಿ ಹಾಗೆಯೇ ಹೇಳಿದೆ. ಮಾವ ಕಣ್ಣು ಬಿಟ್ಟರು. ಆತುರಾತುರವಾಗಿ ಬೆಲ್ಟು ಬಿಚ್ಚಿದರು, ದನಿ ಮಾತ್ರ ಗಟ್ಟಿಯಾಗಿತ್ತು.

"ನಾನ್ ಆವತ್ತೇ ಏಳಿದ್ದೆ, ಅವಳ್ಗೆ ಇದೆಲ್ಲ ಆಗಲ್ಲ ಅಂತ," ಎಂದು ಅಕ್ಕಪಕ್ಕದವರಿಗೂ ಕೇಳುವಂತೆ ಹೇಳಿ, ಏಳನೇ ಸಾಲಿನತ್ತ ಬಹುತೇಕ ಓಡಿದರು.