ಕ್ಯಾರವಾನಿನ ಬಚ್ಚಲಲ್ಲಿ ಬಿರುಕು

ಬೇಲೂರು, ಹಳೇಬೀಡು ನೋಡಲು ಬರುವವರಿಗೆ ಬಾಡಿಗೆಗೆ ಕೊಡೋಣವೆಂದು ಹಳೆಯ ಟೆಂಪೊ ಟ್ರಾವೆಲರನ್ನು ಕ್ಯಾರವಾನ್ ಮಾಡಿಸಿದ್ದೆ. ಒಳಗೆ ಮಂಚ, ಒಲೆ, ಮೂಲೆಯಲ್ಲೊಂದು ಪುಟ್ಟ ಬಚ್ಚಲು. ಮೊದಲ ಬಾಡಿಗೆ ಮುಗಿಸಿ ಗಾಡಿ ವಾಪಸು ಬಂದಾಗ ಬಚ್ಚಲಿನ ನೆಲಕ್ಕೆ ಕೂರಿಸಿದ್ದ ಫೈಬರ್ ಟ್ರೇ ಬಿರುಕು ಬಿಟ್ಟು, ಸ್ನಾನದ ನೀರೆಲ್ಲ ಕೆಳಗಿನ ಹಲಗೆಗೆ ಇಳಿದಿತ್ತು.

ನನ್ನ ಅನುಮಾನ ಮೊದಲು ಹೋದದ್ದು ಬಾಡಿಗೆಯವರ ಮೇಲೆ. ಅವರಲ್ಲೊಬ್ಬರದು ಭಾರಿ ಶರೀರ. ಫೋನಿನಲ್ಲಿ ಕೇಳಿದರೆ, "ನಾವು ಹತ್ತೋಕೆ ಮುಂಚೇನೇ ಬಿರುಕಿತ್ತು ಸಾರ್" ಎಂದರು. ನಂಬಲಿಲ್ಲ. ಆಮೇಲೆ, ಟ್ರೇ ಕೂರಿಸಿದ್ದ ಅರಸೀಕೆರೆಯ ಫೈಬರ್ ಕೆಲಸದವನೇ ತೆಳು ಮಾಲು ಕೊಟ್ಟು ಟೋಪಿ ಹಾಕಿದ್ದಾನೆ ಎನ್ನಿಸಿತು. ಅವನು ಹೊಸ ಟ್ರೇ ಹಾಕಲು ಬಂದ ದಿನ ಬಾಗಿಲಿಗೇ ಕುರ್ಚಿ ಹಾಕಿಕೊಂಡು, ಅವನ ಕೈಯನ್ನೇ ನೋಡುತ್ತ ಕೂತೆ.

ಅವನು ಹಳೆಯ ಟ್ರೇ ಎತ್ತಿ, ನೀರು ಹೋಗುವ ತೂತಿನಲ್ಲಿ ಸಿಕ್ಕಿಕೊಂಡಿದ್ದ ಏನನ್ನೋ ಕಿತ್ತು ನನ್ನ ಅಂಗೈಗಿಟ್ಟ. ತೆಂಗಿನ ಚಿಪ್ಪಿನ ಚೂರು.

ಗಾಡಿಪೂಜೆಯ ದಿನ ಕಾಯಿ ಒಡೆದವನು ನಾನೇ. ಎಲ್ಲರೂ ಚಕ್ರದ ಮುಂದೆ ಒಡೆಯುತ್ತಾರೆ. ಒಲೆ ಇರುವ ಗಾಡಿ ಮನೆಯಿದ್ದ ಹಾಗೆ, ಒಳಗೇ ಒಡೆಯಬೇಕೆಂದು ಹಟ ಹಿಡಿದವನೂ ನಾನೇ. ಹೊಸ ನೆಲಹಾಸಿಗೆ ಕಾಯಿನೀರು ಚೆಲ್ಲಬಾರದೆಂದು ಬಚ್ಚಲಿಗೆ ಹೋಗಿ, ಒಂದೇ ಏಟಿಗೆ ಹೋಳಾಗಲೆಂದು ಟ್ರೇ ಮೇಲೆ ಜೋರಾಗಿ ಕುಕ್ಕಿದ್ದೆ.

ಅವನು ಹೊಸ ಟ್ರೇ ಕೂರಿಸಿ, ಕೈ ಒರೆಸಿಕೊಂಡು ಹೇಳಿದ: "ಮುಂದಿನ ಪೂಜೆಗೆ ನನ್ನೂ ಕರೀರಿ ಸ್ವಾಮಿ. ನಾನೂ ಒಂದು ಕುರ್ಚಿ ಹಾಕ್ಕಂಡು ಕೂತ್ಕತೀನಿ."