ಮದುವೆ ಮನೆಗೆ ಹೋದ ಕ್ಯಾನು

ಅಜ್ಜಂಪುರದ ಆ ಮದುವೆಯಲ್ಲಿ ಒಲೆಯ ಹತ್ತಿರ ನಾವು ಮೂವರಿದ್ದೆವು. ಬಿರಿಯಾನಿ ಮಾಡುವ ನಾನು, ನನ್ನ ಜೊತೆಗೇ ಕೆಲಸ ಕಲಿತ ಹೆಂಡತಿಯ ತಮ್ಮ ಬಾಬು, ಸೌದೆ-ಪಾತ್ರೆ ಸಾಗಿಸುವ ಟೆಂಪೊದ ಓಂಕಾರಪ್ಪ. ದೇಗಿಗೆ, ಅಂದರೆ ಬಿರಿಯಾನಿಯ ದೊಡ್ಡ ತಾಮ್ರದ ಹಂಡೆಗೆ, ಮುಚ್ಚಳ ಹಾಕಿ, ಸುತ್ತ ಹಿಟ್ಟು ಮೆತ್ತಿ, ಮೇಲೆ ಕೆಂಡ ಸುರಿದಿದ್ದೆ. ಇನ್ನು ಒಳಗಿನ ಹಬೆಯಲ್ಲೇ ಬೆಂದು ದಮ್ ಆಗುವ ತನಕ ಅಡುಗೆಯವನು ಅಲ್ಲಿಂದ ಕದಲಬಾರದು.

ಎಡ ಸೊಂಟದ ಹಿಂದೆ ಯಾರೋ ಬಟ್ಟೆ ಹಿಂಡಿದ ಹಾಗಾಯಿತು.

ಕೂತೆ. ಎದ್ದೆ. ಗೋಡೆಗೆ ಒರಗಿದೆ. ಹೇಗಿದ್ದರೂ ನೋವಿಗೆ ಸಮಾಧಾನವಿಲ್ಲ. ಸೌದೆ ಎತ್ತುವಾಗ ಉಳುಕಿರಬೇಕು ಅಂದುಕೊಂಡೆ. ಆಮೇಲೆ ಮೂತ್ರಕ್ಕೆ ಹೋದರೆ ಕೆಂಪಗೆ ಬಂತು. ದಮ್ ಒಡೆಯುವ ಕೆಲಸ ಬಾಬುವಿಗೆ ಬಿಟ್ಟು ಟೆಂಪೊ ಹತ್ತಿದೆ. ಕಡೂರು ಸೇರುವ ತನಕ ಒಂದೊಂದು ಹಂಪ್ ಬಂದಾಗಲೂ ಓಂಕಾರಪ್ಪ, "ತಡ್ಕಳಿ ಗೌಸಣ್ಣ, ಇದೊಂದೇ ಕಣ್ರೀ" ಅನ್ನುತ್ತಿದ್ದರು. ನಮ್ಮ ರಸ್ತೆಯಲ್ಲಿ ಇಷ್ಟು ಹಂಪ್‌ಗಳಿವೆ ಅಂತ ನನಗೆ ಗೊತ್ತಾದದ್ದೇ ಅವತ್ತು.

ಸ್ಕ್ಯಾನ್‌ನಲ್ಲಿ ಕಂಡಿತು. ಎಡಗಡೆ ಮೂತ್ರನಾಳದಲ್ಲಿ ಒಂದು ಕಲ್ಲು ಸಿಕ್ಕಿಕೊಂಡು ಕಿಡ್ನಿ ಊದಿತ್ತು. ಬಲಗಡೆಯೂ ಸಣ್ಣ ಕಲ್ಲುಗಳು. ಲೇಸರ್‌ನಲ್ಲಿ ಒಡೆದು ತೆಗೆದರು. ನಾಳದೊಳಗೆ ಹಾಕಿದ್ದ ಕೊಳವೆ, ಸ್ಟೆಂಟ್, ತೆಗೆದ ದಿನ ಡಾಕ್ಟರಮ್ಮ ಹೇಳಿದರು: "ಇದು ಕ್ಯಾಲ್ಸಿಯಂ ಕಲ್ಲು. ಹೀಗೇ ಬರ್ತಾ ಇದ್ರೆ ಕಿಡ್ನಿ ಉಳಿಯಲ್ಲ. ಯಾಕೆ ಬರ್ತಿದೆ ಅಂತ ಗೊತ್ತಾಗೋ ತನಕ ಒಲೆ ಮುಂದೆ ನಿಲ್ಲಬೇಡಿ."

ಒಲೆ ಬಿಟ್ಟರೆ ನನಗೆ ಬೇರೆ ಕೆಲಸ ಗೊತ್ತಿಲ್ಲ.

ಕ್ಯಾಲ್ಸಿಯಂ ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ಹೆಂಡತಿ ನೂರ್‌ಜಾನ್ ಹಾಲು, ಮೊಸರು, ರಾಗಿಮುದ್ದೆ ಮೂರನ್ನೂ ನಿಲ್ಲಿಸಿದಳು. ಎಲೆಯಡಿಕೆಯ ಸುಣ್ಣದ ಡಬ್ಬಿಯೂ ಕಾಣೆಯಾಯಿತು. ಪಕ್ಕದ ಮನೆಯವರು ಹೇಳಿದ್ದೆಂದು ಟೊಮೆಟೊ ಕೂಡ ಹೋಯಿತು. ಇನ್ನೇನು ಉಳಿಯಿತು? ಗಂಜಿ.

ಪರೀಕ್ಷೆಗೆಂದು ಲ್ಯಾಬಿನಿಂದ ಒಂದು ದೊಡ್ಡ ಕ್ಯಾನು ಕೊಟ್ಟಿದ್ದರು. ಬೆಳಿಗ್ಗೆ ಎದ್ದ ಕೂಡಲೇ ಆಗುವ ಮೂತ್ರ ಬಿಟ್ಟು, ಅಲ್ಲಿಂದ ಮರುದಿನ ಬೆಳಿಗ್ಗೆಯದೂ ಸೇರಿ ಎಲ್ಲವನ್ನೂ ಅದರಲ್ಲಿ ಹಿಡಿದಿಡಬೇಕು. ನಾನು ಮದುಮಗನ ಹಾಗೆ ಮನೆಯಲ್ಲಿ ಕೂತು, ಗಂಜಿ ಕುಡಿದು, ಬಾರ್ಲಿ ನೀರು ಕುಡಿದು, ಕ್ಯಾನು ತುಂಬಿಸಿ ಕೊಟ್ಟೆ. ರಿಪೋರ್ಟ್‌ನಲ್ಲಿ ಎಲ್ಲ ನಾರ್ಮಲ್. ನನಗೆ ಹಿಗ್ಗು. ಡಾಕ್ಟರಮ್ಮನಿಗೆ ಮಾತ್ರ ಹಿಗ್ಗಿಲ್ಲ. ರಕ್ತದಲ್ಲೂ ಹೆಚ್ಚಿಲ್ಲ, ಮೂತ್ರದಲ್ಲೂ ಹೆಚ್ಚಿಲ್ಲ, ಹಾಗಾದರೆ ಕಲ್ಲಿಗೆ ಕ್ಯಾಲ್ಸಿಯಂ ಎಲ್ಲಿಂದ ಬಂತು ಅಂತ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು. ಅವತ್ತು ಏನು ತಿಂದಿರಿ, ಎಲ್ಲಿದ್ದಿರಿ ಅಂತ ಕೇಳಿದರು. ನಾನು ನನ್ನ ಒಳ್ಳೆಯ ನಡತೆಯನ್ನೆಲ್ಲ ವರ್ಣಿಸಿದೆ.

"ನೆಂಟರ ಮನೆಗೆ ಬಂದವರ ಹಾಗೆ ಇದ್ದು ಕೊಟ್ಟಿದ್ದೀರಿ," ಅಂದರು. "ಕೆಲಸದ ದಿನದ್ದು ತನ್ನಿ."

"ಕೆಲ್ಸದ ದಿನ ಅಂದ್ರೆ ಮದ್ವೆ ಮನೆ, ಡಾಕ್ಟ್ರೇ."

"ಕ್ಯಾನೂ ಮದುವೆಗೆ ಹೋಗಲಿ. ಅದೊಂದು ದಿನ ಒಲೆ ಮುಂದೆ ನಿಂತ್ಕೊಳ್ಳಿ. ಯಾವತ್ತೂ ಹೇಗಿರ್ತೀರೋ ಹಾಗೇ ಇರಿ."

ತರೀಕೆರೆಯ ಮದುವೆಗೆ ಕ್ಯಾನು ಬಂತು. ಆದರೆ ನಮ್ಮಲ್ಲಿ ಮೂತ್ರವೆಂದರೆ ನಾಪಾಕು, ಅಶುದ್ಧ; ಅಡುಗೆಯ ಹತ್ತಿರಕ್ಕೆ ತರುವಂತಿಲ್ಲ. ಒದ್ದೆ ಗೋಣಿ ಸುತ್ತಿ ಓಂಕಾರಪ್ಪನ ಟೆಂಪೊದಲ್ಲಿ ಸೀಟಿನ ಕೆಳಗಿಟ್ಟೆವು. ಹೋಗಿ ಬಂದಾಗಲೆಲ್ಲ ಮೊಣಕೈವರೆಗೆ ತೊಳೆದುಕೊಂಡೇ ಸೌಟು ಹಿಡಿಯುತ್ತಿದ್ದೆ. ನಾನು ಗೋಣಿ ಸರಿಮಾಡುತ್ತಿದ್ದದ್ದು ಹುಡುಗಿಯ ಚಿಕ್ಕಪ್ಪನ ಕಣ್ಣಿಗೆ ಬಿತ್ತು.

"ಏನ್ ಓಂಕಾರಪ್ನೋರೆ, ನಮ್ ತುಪ್ಪ ಟೆಂಪೊ ಹತ್ತುತ್ತಾ ಇದ್ಯಾ?" ಅಂತ ಆತ ಕೇಳಿದ.

ಓಂಕಾರಪ್ಪ ಬೀಡಿಯನ್ನೂ ಬಾಯಿಂದ ತೆಗೆಯಲಿಲ್ಲ. "ಮುಚ್ಳ ತೆಗ್ದು ನೋಡ್ಕಳಿ ಸ್ವಾಮಿ. ನಿಮ್ದೇ ಅನ್ಸಿದ್ರೆ ನೀವೇ ಇಟ್ಕಳಿ."

ಆತ ತೆಗೆದು ನೋಡಿದ. ಮತ್ತೆ ತುಪ್ಪದ ವಿಚಾರ ಬರಲಿಲ್ಲ.

ನನಗೆ ಸೋಜಿಗವಾದದ್ದು ಬೇರೆ. ಇಡೀ ದಿನ ದುಡಿದರೂ ಕ್ಯಾನಿನ ತಳ ಮುಚ್ಚುವಷ್ಟೇ ಆಗಿತ್ತು. ಉಳಿದ ನೀರೆಲ್ಲ ಬೆವರಾಗಿ ಒಲೆಯ ಪಾಲಾಗಿತ್ತು.

ಈ ಸಲದ ರಿಪೋರ್ಟ್‌ನಲ್ಲಿ ಕ್ಯಾಲ್ಸಿಯಂ ಇರಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು. ಸೋಡಿಯಂ, ಅಂದರೆ ಉಪ್ಪಿನಂಶ, ಅದಕ್ಕೂ ಮುಂದೆ. ಉಪ್ಪು ಮೂತ್ರದಲ್ಲಿ ಹೊರಗೆ ಹೋಗುವಾಗ ಕ್ಯಾಲ್ಸಿಯಂ ಅನ್ನೂ ಎಳೆದುಕೊಂಡು ಹೋಗುತ್ತದಂತೆ. ಇಷ್ಟೊಂದು ಉಪ್ಪು ಎಲ್ಲಿ ತಿಂದಿರಿ ಅಂತ ಡಾಕ್ಟರಮ್ಮ ಕೇಳಿದಾಗ ನಾನೂ ಯೋಚಿಸಿದೆ. ಅವತ್ತು ನಾನು ಊಟವನ್ನೇ ಮಾಡಿರಲಿಲ್ಲ.

ಆಗ ಹೊಳೆಯಿತು.

ಅಕ್ಕಿ ಹಾಕುವ ಮೊದಲು ಕುದಿಯುವ ನೀರು ನಾಲಿಗೆಗೆ ಚುರುಕ್ಕೆನ್ನುವಷ್ಟು ಉಪ್ಪಿರಬೇಕು, ಇಲ್ಲದಿದ್ದರೆ ಅನ್ನ ಸಪ್ಪೆ. ಅದನ್ನು ಕುಡಿದೇ ನೋಡಬೇಕು. ದೇಗಿನ ಪಕ್ಕ ಉಗುಳುವುದು ಅನ್ನಕ್ಕೆ ಅವಮಾನ ಅಂತ ನನಗೆ ಕೆಲಸ ಕಲಿಸಿದ ಸೋದರಮಾವನ ಕಟ್ಟಪ್ಪಣೆ. ಒಂದೊಂದು ದೇಗಿಗೂ ಹಲವು ಗುಟುಕು, ಮೇಲೆ ಕುರ್ಮಾ, ಮಾಂಸದ ರಸ. ಒಳ್ಳೆಯ ನೀರು ಮಾತ್ರ ಕುಡಿಯುತ್ತಿರಲಿಲ್ಲ. ಕುಡಿದರೆ ದಮ್ ನಡುವೆ ಎದ್ದು ಹೋಗಬೇಕಾಗುತ್ತದಲ್ಲ.

ಡಾಕ್ಟರಮ್ಮ ಗದ್ದಕ್ಕೆ ಕೈಕೊಟ್ಟು ಕೇಳಿಸಿಕೊಂಡರು. ಮಾತ್ರೆ ಬರೆದರು. ಉಪ್ಪು, ಮಾಂಸ ಕಡಿಮೆ, ನೀರು ಜಾಸ್ತಿ ಅಂದರು. ಹಾಲೂ ರಾಗಿಯೂ ವಾಪಸ್ಸು ಬಂದವು; ಅವನ್ನು ಬಿಟ್ಟರೆ ಕಲ್ಲು ಇನ್ನೊಂದು ದಾರಿಯಲ್ಲಿ ಹೆಚ್ಚುತ್ತದಂತೆ. ಒಲೆಯ ಮುಂದೆ ನಿಲ್ಲಬಹುದು, ಆದರೆ ರುಚಿ ನೋಡುವುದು ಬೇರೆಯವರು. ಡಾಕ್ಟರಮ್ಮನಿಗೆ ಅದು ಸಣ್ಣ ಮಾತು. ಬಾವರ್ಚಿಗೆ, ಅಂದರೆ ನನ್ನಂಥ ಅಡುಗೆಯವನಿಗೆ, ಹೆಸರು ಬರುವುದೇ ನಾಲಿಗೆಯಿಂದ.

ಕೆಲವು ತಿಂಗಳು ಕಳೆದವು. ಮೊದಮೊದಲು ಮನೆಯ ಸಾರು ಬರೀ ನೀರು ಅನ್ನಿಸುತ್ತಿತ್ತು. ಬರಬರುತ್ತಾ ಅದರಲ್ಲೇ ಬೇಳೆಯ ರುಚಿ, ಕೊತ್ತಂಬರಿಯ ರುಚಿ ಬೇರೆ ಬೇರೆಯಾಗಿ ತಿಳಿಯತೊಡಗಿತು. ಹೋಟೆಲಿನ ಚಟ್ನಿ ಬಾಯಿಗಿಡಲು ಆಗುತ್ತಿರಲಿಲ್ಲ. ಹುಟ್ಟುತ್ತಲೇ ಬಂದದ್ದು ಅಂದುಕೊಂಡಿದ್ದ ನಾಲಿಗೆ ಬರೀ ರೂಢಿಯಾಗಿತ್ತೇ? ಈಗಲೂ ಅದನ್ನೇ ಯೋಚಿಸುತ್ತಿರುತ್ತೇನೆ. ಕಳೆದ ಸ್ಕ್ಯಾನ್‌ನಲ್ಲಿ ಎಡಗಡೆ ಏನೂ ಇಲ್ಲ, ಬಲಗಡೆಯವು ಬೆಳೆದಿಲ್ಲ. ಸದ್ಯಕ್ಕೆ ಅಷ್ಟು ಸಾಕು. ದೇವರು ದೊಡ್ಡವನು.

ಅದಾದ ಮೇಲೆ ಸಿಂಗಟಗೆರೆಯ ಕಡೆ ಒಂದು ಮದುವೆ. ನೀರು ಕುದಿಯುತ್ತಿತ್ತು. ನೆನೆದ ಅಕ್ಕಿ ಬುಟ್ಟಿಯಲ್ಲಿತ್ತು. ಬಾಬು ಗುಟುಕು ಹಾಕಿ ಉಪ್ಪು ಸಾಲದು ಅಂದ. ನನಗೆ ತಡೆಯಲಾಗದೆ ಸೌಟಿನ ತುದಿಯಿಂದ ಒಂದು ಹನಿ ನಾಲಿಗೆಗೆ ಮುಟ್ಟಿಸಿಕೊಂಡೆ. ನನ್ನ ನಾಲಿಗೆಗೆ ಉಪ್ಪು ಆಗಲೇ ಹೆಚ್ಚಾಗಿತ್ತು; ಹಾಗೇ ಅಂದೆ. ಇಷ್ಟು ವರ್ಷದಲ್ಲಿ ನಮ್ಮಿಬ್ಬರ ನಾಲಿಗೆ ಬೇರೆ ಮಾತು ಆಡಿರಲಿಲ್ಲ.

"ನೀವು ಹೇಳ್ದಂಗೆ, ಭಾಯ್," ಅಂದ ಬಾಬು.

"ನಿನ್ ಲೆಕ್ಕಕ್ಕೇ ಹಾಕು," ಅಂದೆ.

ಅವನು ಎರಡು ಹಿಡಿ ಹಾಕಿದ. ಊಟದಲ್ಲಿ ಯಾರೂ ಉಪ್ಪು ಕೇಳಲಿಲ್ಲ. ದೇಗಿನ ತಳ ಕೆರೆದು ಬಡಿಸಿದರು. ಕೊನೆಗೆ ಹುಡುಗಿಯ ತಂದೆ ಬಂದು, ಕಿರಿಮಗಳ ಮದುವೆಗೂ ನೀವೇ ಬರಬೇಕು ಅಂತ ಬಾಬುವಿನ ಕೈ ಹಿಡಿದುಕೊಂಡರು. ಬಾಬು ನನ್ನ ಮುಖ ನೋಡಿದ. ನಾನು ಹೂಂ ಅಂತ ತಲೆಯಾಡಿಸಿ, ಇನ್ನೊಂದು ಚೊಂಬು ನೀರು ತರಿಸಿಕೊಂಡೆ.